ಹಸಿರು ಕಾರಿನ ನೆಗ್ಗುಗಳು

ಪರದೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲಿ ಇರಲಿಲ್ಲ. ಮಗಳು ಹುಟ್ಟುವ ಮುಂಚೆ ಮುಂಗೋಣೆಯಲ್ಲಿ ಒಂದು ಯಂತ್ರ ಇಟ್ಟುಕೊಂಡು ಶುರು ಮಾಡಿದ ಕೆಲಸ, ಆ ಮಗಳು ಸ್ವಂತ ಸಂಸಾರ ಹೂಡುವ ಹೊತ್ತಿಗೆ ಇಡೀ ಮನೆಯನ್ನೇ ನುಂಗಿತ್ತು. ಸೋಫಾದ ಮೇಲೆ ಬಟ್ಟೆ, ಊಟದ ಮೇಜಿನ ಮೇಲೆ ಬಟ್ಟೆ, ಮಂಚದ ಕೆಳಗೆ ಪರದೆ ಕಂಬಿಗಳು. ಬೀದಿಯವರಿಗೆಲ್ಲ ಅವಳು ಪರದೆಯಮ್ಮ.

ಗಂಡ ಒಬ್ಬ ಹೆಸರಾಂತ ವಕೀಲರ ಬಳಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕರಿ ಕೋಟು ಹಾಕುವ ಯೋಗ ಬರದಿದ್ದರೂ ವಾದ ಮಾಡುವ ಚಟ ಮಾತ್ರ ಮೈಗಂಟಿಕೊಂಡಿತ್ತು. ಟೀಗೆ ಸಕ್ಕರೆ ಕಮ್ಮಿಯಾಗಿದೆ ಎಂಬುದನ್ನೂ ಸಾಕ್ಷಿ ಸಮೇತ ಸಾಬೀತು ಮಾಡಿಯೇ ಗುಟುಕರಿಸುವ ಆಸಾಮಿ. ಆದರೆ ಮನಸ್ಸು ಕೆಟ್ಟದ್ದಲ್ಲ. ಹೊಲಿದ ಪರದೆಗಳನ್ನು ತನ್ನ ಹಸಿರು ಕಾರಿನಲ್ಲಿ ಹೇರಿಕೊಂಡು ಗಿರಾಕಿಗಳ ಮನೆಮನೆಗೆ ಮುಟ್ಟಿಸುತ್ತಿದ್ದವನು ಅವನೇ. ಅವಳು ಪಕ್ಕದಲ್ಲಿ ಗಂಟು ಹಿಡಿದು ಕೂರುತ್ತಿದ್ದಳು.

ಹಾಗಿರುವಾಗ ಅವನ ಮಂಡಿ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಯಿತು, ಇನ್ನು ಕಾರಿನ ಸಹವಾಸ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅದೇ ಸಮಯಕ್ಕೆ ಗುಡ್ಡದ ಮೇಲಿನ ಹೋಟೆಲಿನವರು ತಮ್ಮ ಅಷ್ಟೂ ಕೋಣೆಗಳ ಪರದೆಯ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರು. ಬಾಡಿಗೆ ಗಾಡಿಯವರಿಗೆ ಹೇಳಿನೋಡಿದಳು. ಒಬ್ಬ ಬರಲೇ ಇಲ್ಲ, ಇನ್ನೊಬ್ಬ ಬಂದು ಇಸ್ತ್ರಿ ಮಾಡಿದ ಪರದೆಗಳ ಮೇಲೆ ತನ್ನ ಕೊಳೆ ಹಿಡಿದ ಹಳೇ ಟೈರು ಹೇರಿದ. ಅವತ್ತೇ ಅವಳು ಡ್ರೈವಿಂಗ್ ಶಾಲೆಗೆ ಹೆಸರು ಹಚ್ಚಿದಳು. ತಲೆ ಪೂರ್ತಿ ನರೆತಿತ್ತು. ಕಲಿಯಲು ಬಂದಿದ್ದ ಹುಡುಗಿಯರು ಅವಳನ್ನು ಅಜ್ಜಿ ಎಂದರು. ಅಜ್ಜಿ ಮೊದಲ ಯತ್ನದಲ್ಲೇ ಲೈಸೆನ್ಸ್ ಗಿಟ್ಟಿಸಿದಳು.

ಕೆಲವು ವಾರ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೊಳಗೆ ಓಡಿಸಿದಳು. ಆಮೇಲೊಂದು ದಿನ ಅವನು ಕೀಲಿಯನ್ನು ತನ್ನ ಜೇಬಿಗೆ ಇಳಿಸಿಕೊಂಡ. ಕೊಡಿ ಎಂದರೆ, "ಭಾನುವಾರ ಎಲ್ರೂ ಇರ್ಲಿ, ಮಾತಾಡೋಣ" ಎಂದ.

ಭಾನುವಾರ ಮಗಳು ಬಂದಳು, ಗಂಡನ ಅಕ್ಕನೂ ಬಂದರು. ಊಟ ಮುಗಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ನಾನು ಒಂದು ಮಾತೂ ಸೇರ್ಸಲ್ಲ. ನಡೆದಿದ್ದನ್ನಷ್ಟೇ ಕೇಳ್ತೀನಿ. ನಮ್ಮ ಗೇಟಿನ ಕಂಬಕ್ಕೆ ಗುದ್ದಿದ್ದು ಯಾರು?"

"ನಾನೇ" ಎಂದಳು ಅವಳು.

"ಸಿಗ್ನಲ್‌ನಲ್ಲಿ ಗಾಡಿ ಆಫ್ ಮಾಡ್ಕೊಂಡು, ಹಿಂದಿದ್ದವರ ಹತ್ರ ಬೈಸ್ಕೊಂಡಿದ್ದು?"

"ಅದೂ ನಾನೇ."

"ಪಕ್ಕದ ಮನೆಯವರ ಬಣ್ಣದ ಡಬ್ಬಿ?"

ಮಗಳು ಕಿಸಕ್ಕನೆ ನಕ್ಕಳು. ಆ ಡಬ್ಬಿ ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾಗಿ ಬೀದಿಯೆಲ್ಲ ನೀಲಿಯಾಗಿತ್ತು.

"ಇಷ್ಟೇ ನನ್ನ ವಾದ. ಇವಳ ಕೈಗೆ ಗುಡ್ಡದ ರಸ್ತೆ ಕೊಡಬೋದಾ, ನೀವೇ ಹೇಳಿ."

ಎಲ್ಲರೂ ಅವಳ ಕಡೆ ತಿರುಗಿದರು. ಒಂದಾದರೂ ಸುಳ್ಳಿದ್ದರೆ ಅವಳು ಜಗಳಕ್ಕೆ ನಿಲ್ಲಬಹುದಿತ್ತು. ಅವನು ಹೇಳಿದ್ದೆಲ್ಲ ನಿಜ. ಆದರೂ ತನಗೆ ಅನ್ಯಾಯವಾಗಿದೆ ಎಂದು ಒಳಗೊಳಗೇ ಕುದಿಯಿತು. ಎಲ್ಲಿ, ಹೇಗೆ ಎಂಬುದು ಮಾತ್ರ ಕೈಗೆ ಸಿಗಲೊಲ್ಲದು.

ಅದು ಸಿಕ್ಕಿದ್ದು ವಾರದ ನಡುವೆ, ಬಟ್ಟೆ ವ್ಯಾಪಾರಿ ಬಂದಾಗ. ಅವನು ಬಟ್ಟೆಯ ಸುರುಳಿಯ ತುದಿ ಹಿಡಿದು ಬೆಳಕಿಗೆ ತೋರಿಸಿದ. ಬಣ್ಣ ಕಣ್ಣು ಕೋರೈಸುತ್ತಿತ್ತು. ರೂಢಿಯಂತೆ ಅವಳು, "ಪೂರ್ತಿ ಬಿಚ್ಚಪ್ಪ" ಎಂದಳು. ಬಿಚ್ಚುತ್ತಾ ಹೋದಂತೆ ಒಳಗೆ ತೇವ ಹಿಡಿದು ಮಾಸಿದ ಪಟ್ಟೆಗಳು ಕಂಡವು.

"ನಾನು ತೋರ್ಸಿದ್ದರಲ್ಲಿ ಮೋಸ ಇಲ್ಲಮ್ಮ" ಎಂದ ಅವನು ಮುಖ ಹುಳ್ಳಗೆ ಮಾಡಿ.

"ತೋರ್ಸಿದ್ದರಲ್ಲಿ ಇಲ್ಲ ಕಣಪ್ಪ. ಮಡಚಿ ಇಟ್ಟಿದ್ದರಲ್ಲಿದೆ" ಎಂದವಳೇ, ಕತ್ತರಿ ಕೆಳಗಿಟ್ಟು ಗಟ್ಟಿಯಾಗಿ ನಕ್ಕುಬಿಟ್ಟಳು. ವ್ಯಾಪಾರಿ ತಬ್ಬಿಬ್ಬಾದ.

ಹೋಟೆಲಿಗೆ ಪರದೆ ಮುಟ್ಟಿಸುವ ದಿನ ಬಂತು. ಮಗಳನ್ನೂ ಗಂಡನ ಅಕ್ಕನನ್ನೂ ಅವಳು ಮತ್ತೆ ಕರೆಸಿಕೊಂಡಿದ್ದಳು. ಬೆಳಿಗ್ಗೆಯೇ ಬಿಸಿಲಲ್ಲಿ ನಿಂತಿದ್ದ ಕಾರನ್ನು ತಿಕ್ಕಿ ತೊಳೆದು, ಎಲ್ಲರನ್ನೂ ಹೊರಗೆ ಕರೆದಳು. ತೊಳೆದ ಮೈಮೇಲೆ ಒಂದೊಂದು ನೆಗ್ಗೂ ಎದ್ದು ಕಾಣುತ್ತಿತ್ತು.

"ಬಾಗಿಲಿನ ಈ ನೆಗ್ಗು ಯಾರದ್ದು ರೀ?"

"ಅದು... ಲಾರಿಯವನು ಅಡ್ಡ ಬಂದಿದ್ದ."

"ಲಾರಿ ನಿಂತಿತ್ತು ಕಣೋ!" ಎಂದರು ಅವನ ಅಕ್ಕ. "ನಾನು ಹಿಂದೆ ಕೂತಿದ್ದೆ, ಹಲ್ಲು ಅಲ್ಲಾಡಿ ಹೋಗಿತ್ತು."

"ಈ ಹಿಂದಿನ ದೀಪ?"

"ಕತ್ತಲಿತ್ತು."

"ಅಪ್ಪಾ, ನನ್ನ ಸ್ಕೂಲಿನ ಗೋಡೆ! ಮೇಷ್ಟ್ರು ಪಾಠ ನಿಲ್ಸಿ ಹೊರಗೆ ಬಂದಿದ್ರು" ಎಂದಳು ಮಗಳು.

ಹೀಗೆ ಕಾರಿನ ಸುತ್ತ ಒಂದು ಪ್ರದಕ್ಷಿಣೆಯೇ ಆಯಿತು. ಗಂಡನ ಮುಖ ಕೆಂಪೇರಿತು. ಅವಳು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಗ್ಗಿ, ಬಂಪರಿನ ಕೆಳಗೆ ಬೆರಳಿಟ್ಟು, "ಗೇಟಿನ ಕಂಬದ್ದಲ್ಲದೆ ಇದೂ ನನ್ನದೇ. ನೀವು ಕೀಲಿ ತಗೊಳೋ ಮುಂಚೆ ಮಾರ್ಕೆಟ್ ಹತ್ರ ಕಲ್ಲಿಗೆ ತಾಗಿಸ್ದೆ. ನಿಮ್ಮ ಕಣ್ಣಿಗೆ ಬಿದ್ದಿಲ್ಲ" ಎಂದಳು.

"ನೋಡಿದ್ರಾ, ನೋಡಿದ್ರಾ!" ಅವನಿಗೆ ಜೀವ ಬಂತು.

"ನೋಡ್ಲಿ ಅಂತಾನೇ ತೋರ್ಸಿದ್ದು. ನನ್ನದೂ ಬರ್ಲಿ, ನಿಮ್ಮದೂ ಬರ್ಲಿ. ನಾನು ಏನೂ ಆಗದೆ ಗಾಡಿ ತಂದು ನಿಲ್ಸಿದ ದಿನಗಳೂ ಬರ್ಲಿ. ಆವತ್ತೆಲ್ಲ ನೀವು ಪಕ್ಕದಲ್ಲೇ ಗೊರಕೆ ಹೊಡೀತಿದ್ರಿ, ಅದೂ ಸಾಕ್ಷಿನೇ. ಎಲ್ಲಾ ಹರವಿ ನೋಡಿ, ಆಮೇಲೂ ಬೇಡ ಅಂದ್ರೆ ಕೀಲಿ ನೀವೇ ಇಟ್ಕೊಳಿ."

ಅವನು ಕಾರನ್ನು ಇನ್ನೊಂದು ಸಲ ನೋಡಿದ, ಅಕ್ಕನ ಮುಖ ನೋಡಿದ. ಕೊನೆಗೆ ಜೇಬಿಗೆ ಕೈಹಾಕಿ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ. "ನಾನೂ ಬರ್ತೀನಿ" ಎಂದ, ತಗ್ಗಿದ ದನಿಯಲ್ಲಿ.

ಪರದೆಗಳ ಗಂಟುಗಳ ನಡುವೆ ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮಗಳನ್ನು ಪಕ್ಕಕ್ಕೆ ಹತ್ತಿಸಿಕೊಂಡು ಹೊರಟಳು. ಗುಡ್ಡದ ರಸ್ತೆ ಕಿರಿದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳ. ಅರ್ಧ ಏರಿದ್ದಳೋ ಇಲ್ಲವೋ, ತಿರುವಿನಲ್ಲಿ ಮೇಲಿನಿಂದ ಬಸ್ಸು ಎದುರಾಯಿತು. ಅವಳ ಇಂಜಿನ್ ಗಕ್ಕನೆ ನಿಂತಿತು. ಬಸ್ಸಿನ ಚಾಲಕ ಕೈಯಾಡಿಸಿ ಹಿಂದೆ ಹೋಗು ಎಂದ. ಹಿಂದೆ ಇಳಿಜಾರು. ಇಂಜಿನ್ ಮತ್ತೆ ಹಚ್ಚಿದಳು. ಕನ್ನಡಿ ನೋಡಿದಳು, ಕತ್ತು ತಿರುಗಿಸಿ ನೋಡಿದಳು. ಕಸೂತಿ ಹಾಕುವಾಗಿನ ನಿಧಾನದಲ್ಲಿ ಇಂಚಿಂಚೇ ಹಿಂದೆ ಸರಿದು, ಬಂಡೆಯ ಮಗ್ಗುಲಿಗೆ ಕಾರನ್ನು ತಂದು ಒತ್ತಿದಳು. ಕಾರಿಗೂ ಬಸ್ಸಿಗೂ ನಡುವೆ ಒಂದು ಕೈ ತೂರುವಷ್ಟು ಜಾಗ. ಬಸ್ಸು ಸವರಿಕೊಂಡು ಇಳಿಯಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಭಲೇ ಅಮ್ಮಾ!" ಎಂದು ಕೂಗಿದ.

ಹಿಂದಿನ ಸೀಟಿನಿಂದ ಗಂಟುಗಳನ್ನು ತಳ್ಳಿಕೊಂಡು ಗಂಡನ ತಲೆ ಹೊರಬಂತು. "ನಮ್ಮನೆಯವಳು ಕಣ್ರೀ!" ಎಂದು ಅವನು ಕೂಗಿದ್ದು ಆ ಗುಡ್ಡಕ್ಕೆಲ್ಲ ಕೇಳಿರಬೇಕು.

ಹೋಟೆಲಿನಲ್ಲಿ ಪರದೆ ತೂಗುಹಾಕಿ ಮುಗಿಯುವಷ್ಟರಲ್ಲಿ ಮ್ಯಾನೇಜರಿನಿಂದ ಹಿಡಿದು ತೋಟದವನವರೆಗೆ ಎಲ್ಲರಿಗೂ ಆ ಕಥೆ ತಲುಪಿತ್ತು. ಅವನ ಬಾಯಲ್ಲಿ ರಸ್ತೆ ಇನ್ನಷ್ಟು ಕಿರಿದಾಗಿತ್ತು, ಬಸ್ಸು ಇನ್ನಷ್ಟು ಉದ್ದವಾಗಿತ್ತು.

ಏಣಿಯ ಮೇಲೆ ನಿಂತು ಪರದೆಯ ನೆರಿಗೆ ಸರಿಪಡಿಸುತ್ತಿದ್ದ ಅವಳು ಅಲ್ಲಿಂದಲೇ ಕೂಗಿದಳು: "ಇಂಜಿನ್ ನಿಂತೋಗಿತ್ತಲ್ಲ, ಅದನ್ನೂ ಹೇಳ್ರೀ!"

"ಅದು ಕೇಸಿಗೆ ಸಂಬಂಧ ಇಲ್ಲ" ಎಂದ ಅವನು, ಮ್ಯಾನೇಜರಿನ ಕಡೆಗೇ ತಿರುಗಿ.

ಅವಳು ನಗುತ್ತಾ ಪರದೆಯನ್ನು ಎಳೆದು ತೆರೆದಳು. ಇಡೀ ಕಣಿವೆಯ ಬೆಳಕು ಕೋಣೆಗೆ ನುಗ್ಗಿತು. ಗುಡ್ಡ ಇಳಿಯುವಾಗ ದಾರಿಯುದ್ದಕ್ಕೂ ಅವಳು ಕಾರಿನ ಕಿಟಕಿ ಮುಚ್ಚಲೇ ಇಲ್ಲ.