ಗೊತ್ತಿಲ್ಲ ಎನ್ನುತ್ತಿದ್ದ ಚೇರಮನ್ನರು

ಬಿಜಾಪುರದ ಜಲನಗರದಲ್ಲಿ ನಮ್ಮ ಮನೆಯ ಹಿಂದೆ ಎಮ್ಮೆ ಸಾಕಿದವರೊಬ್ಬರಿದ್ದಾರೆ. ಮೊನ್ನೆ ಬೆಳಿಗ್ಗೆ ಅವರು ನೆನೆಸಿಟ್ಟ ಹತ್ತಿಕಾಳಿನ ವಾಸನೆ ಮೂಗಿಗೆ ಬಡಿಯಿತು. ಹೆಂಡತಿ ಕಿಟಕಿ ಹಾಕಿದಳು, ನಾನು ಹೋಗಿ ಮತ್ತೆ ತೆರೆದೆ. ಆ ವಾಸನೆಯಲ್ಲಿ ನನ್ನ ಮೊದಲ ನೌಕರಿ ಇದೆ ಎಂದರೆ ನೀವು ನಗುತ್ತೀರಿ. ನಗಿರಿ.

ಎಪ್ಪತ್ತರ ದಶಕದ ಮಾತು. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ದಾರಿಯಲ್ಲಿ ರೈತರೇ ಕೂಡಿ ಹಾಕಿದ ಒಂದು ಹತ್ತಿ ಜಿನ್ನು ಇತ್ತು. ಹತ್ತಿಯಿಂದ ಕಾಳು ಬಿಡಿಸುವ ಹಳೆಯ ಯಂತ್ರ, ತಗಡಿನ ಛಾವಣಿ, ಕಸ ಆರಿಸುವ ಹೆಣ್ಣುಮಕ್ಕಳು, ಗುಮಾಸ್ತನಾದ ನಾನು. ಅಲ್ಲಿ ಪ್ಯಾಂಟು ಹಾಕುತ್ತಿದ್ದವನು ನಾನೊಬ್ಬನೇ ಆದ್ದರಿಂದ ಜಿನ್ನು ನನ್ನಿಂದಲೇ ನಡೆಯುತ್ತಿದೆ ಎಂದು ನಂಬಿದ್ದೆ. ನಿಜವಾಗಿ ನಡೆಸುತ್ತಿದ್ದವರು ಚೇರಮನ್ ಮಲ್ಲನಗೌಡರು.

ಆ ವರ್ಷ ಸುಗ್ಗಿಯ ನಡುವೆ ಸುದ್ದಿ ಹುಟ್ಟಿತು: ಸರ್ಕಾರದವರು ನಮ್ಮ ಜಿನ್ನು ಮುಚ್ಚಿ ಬಿಜಾಪುರದ ದೊಡ್ಡ ಜಿನ್ನಿಗೆ ಸೇರಿಸುತ್ತಾರಂತೆ. ಹೌದೆನ್ನುವವರೂ ಇಲ್ಲ, ಅಲ್ಲವೆನ್ನುವವರೂ ಇಲ್ಲ. ಕೆಲಸದವರು ಹೆದರಿ ಬೇರೆ ಕೂಲಿ ಹುಡುಕಿಕೊಂಡು ಹೊರಟರೆ, ಅಂಗಳದಲ್ಲಿ ಗುಡ್ಡವಾಗಿ ಬಿದ್ದಿದ್ದ ರೈತರ ಹತ್ತಿ ಹಾಗೇ ಉಳಿಯುತ್ತಿತ್ತು.

ಗೌಡರು ಒಂದು ಪದ್ಧತಿ ಹಾಕಿದರು. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಭೋಂಗಾ ಕೂಗಿದೊಡನೆ ಹತ್ತಿ ತೂಗುವ ಕಾಟಾದ ಮೇಲೆ ನಿಂತು ತಮಗೆ ತಿಳಿದದ್ದನ್ನು ಎಲ್ಲರಿಗೂ ಹೇಳುವುದು. ಮೊದಲ ದಿನ ಹೇಳಿದ್ದು ಇಷ್ಟೇ: "ಜಿನ್ನ ಉಳಿತೈತೋ ಮುಚ್ಚತಾರೋ ನನಗ ಗೊತ್ತಿಲ್ರಿ. ಗೊತ್ತಾದ ದಿನ ಇಲ್ಲೇ ನಿಂತ ಹೇಳ್ತೀನಿ."

ನನಗೆ ಮೈ ಉರಿಯಿತು. "ಗೌಡ್ರ, ಹಿಂಗಂದ್ರ ಹೆಂಗ್ರಿ? ಏನೂ ಆಗೂದಿಲ್ಲ ಅಂತ ಧೈರ್ಯಾ ಹೇಳ್ರಿ."

"ನಾಳೆ ಆತಂದ್ರ?" ಎಂದರು. "ಆಮ್ಯಾಲ ನಾ ಶಿವ ಶಿವ ಅಂದ್ರೂ ಯಾರ್ ನಂಬ್ತಾರೋ ತಮ್ಮಾ?"

ಮರುದಿನವೂ "ಗೊತ್ತಾಗಿಲ್ರಿ." ಅದರ ಮರುದಿನವೂ ಅದೇ. ಹೆಣ್ಣುಮಕ್ಕಳು ಅದನ್ನು ಕೇಳಿಸಿಕೊಂಡು ಬುತ್ತಿಯನ್ನು ಗೂಟಕ್ಕೆ ಹಾಕಿ ಕೆಲಸಕ್ಕೆ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಗೌಡರು ಬರಿದಲೆಯಲ್ಲಿ ಬಂದರು. ನಮ್ಮ ಕಡೆ ಹಿರಿಯರು ರುಮಾಲಿಲ್ಲದೆ ಹೊಸ್ತಿಲು ದಾಟುತ್ತಿದ್ದದ್ದು ಸಾವಾದಾಗ ಮಾತ್ರ. ಅವರು ಕಾಟಾ ಹತ್ತುವ ಮೊದಲೇ "ಜಿನ್ನ ಸತ್ತಿತವ್ವಾ!" ಎಂದು ಒಬ್ಬಳು ಹಾಡಿಕೊಂಡು ಅಳತೊಡಗಿದಳು. ಕೆಲವರು ಬುತ್ತಿ ಎತ್ತಿಕೊಂಡು ರಸ್ತೆಗೆ ಹೋಗಿಯೇಬಿಟ್ಟರು. ನಾನೂ ಲೆಕ್ಕದ ಪುಸ್ತಕ ಮುಚ್ಚಿದೆ.

"ಯಾರೂ ಸತ್ತಿಲ್ಲ ಬೇ! ಮನಿ ಆಕಳ ಕರಾ ನನ್ನ ರುಂಬಾಲ ಜಗದೈತಿ!" ಎಂದು ಗೌಡರು ಕೂಗಿದರು. "ಜಿನ್ನಿನ ಸುದ್ದಿ ಇವತ್ತೂ ಗೊತ್ತಾಗಿಲ್ಲ."

ನೀವಾದರೆ ನಂಬುತ್ತಿದ್ದಿರಾ? ನಾನಂತೂ ನಂಬಲಿಲ್ಲ. ಆದರೆ ಆರಿಸುವವರಲ್ಲೆಲ್ಲ ಹಿರಿಯಳಾದ ಬಿಜ್ಜರಗಿಯ ಗಂಗವ್ವ ರಸ್ತೆಯತ್ತ ಕೈ ಬೀಸಿದಳು: "ಬರ್ರೆಬೇ ಒಳಗ! ಗೌಡ್ರು ಸುಳ್ಳ ಹೇಳಾವ್ರಾಗಿದ್ರ ಮೊದಲನೇ ದಿನಾನ ಚಂದಾಗಿ ಹೇಳತಿದ್ರು." ಹೋದವರು ನಗುತ್ತ ಮರಳಿದರು.

ಕೊನೆಗೆ ಹುಕುಂ ಬಂತು. ಗೌಡರು ಕಾಟಾ ಹತ್ತಿ, ದನಿ ಏರಿಸದೆ ಹೇಳಿದರು: "ಗೊತ್ತಾತ್ರಿ. ಈ ಸುಗ್ಗಿ ಮುಗದ ಮ್ಯಾಲ ಮುಚ್ಚತಾರ. ಹೋಗಾವ್ರು ಇವತ್ತ ಹೋದ್ರೂ ನನಗ ಸಿಟ್ಟಿಲ್ಲ."

ಗಂಗವ್ವ ಸೆರಗು ಸಿಗಿಸಿ ಹತ್ತಿಯ ಮುಂದೆ ಕೂತಳು. ಅಂಗಳದ ಹತ್ತಿಯೆಲ್ಲ ಮುಗಿಯುವವರೆಗೆ ಒಬ್ಬರೂ ಬಿಟ್ಟು ಹೋಗಲಿಲ್ಲ. ಯಂತ್ರ ನಿಂತ ದಿನ ಗೌಡರು ಗೋಡೆಗೆ ಮುಖ ಮಾಡಿ ಅತ್ತರು. ನನಗೂ ಸಂಕಟವಾಯಿತು, ಆದರೆ ಅದರಲ್ಲಿ ಹೆಚ್ಚಿನ ಪಾಲು ನನ್ನ ಪಗಾರದ್ದು.

ಆಮೇಲೆ ಬೇರೆ ಕಡೆ ನೌಕರಿ ಮಾಡಿ ನಿವೃತ್ತನಾದೆ. ಈಗ ಓಣಿಯ ಸಂಘದ ಅಧ್ಯಕ್ಷ. ರಸ್ತೆ ಅಗಲ ಮಾಡಲು ನಮ್ಮ ಕಂಪೌಂಡುಗಳನ್ನು ಒಡೆಯುತ್ತಾರಂತೆ ಎಂದು ಓಣಿಯಲ್ಲಿ ಗಾಳಿಸುದ್ದಿ. ಮೊನ್ನೆ ಸಂಜೆ ಸಭೆಯಿತ್ತು. ಇಂಥ ಹೊತ್ತಿನಲ್ಲಿ "ನಾ ಇದೀನಲ್ರಿ!" ಎಂದು ಮೀಸೆ ತಿರುವುವುದು ನನ್ನ ವಾಡಿಕೆ. ಅಂದು ಬಾಯಿಂದ ಬಂದದ್ದು ಬೇರೆ: "ನನಗ ಗೊತ್ತಿಲ್ರಿ. ನಾಳೆ ನಗರಪಾಲಿಕಿ ಆಫೀಸಿಗೆ ಹೋಗಿ ಕೇಳಿ, ಸಂಜಿಕ ಇಲ್ಲೇ ಹೇಳ್ತೀನಿ."

"ಗೊತ್ತಿಲ್ಲಂದ್ರ ನೀವ್ಯಾಕ್ರಿ ಅಧ್ಯಕ್ಷರು?" ಎಂದರು ಮೂಲೆಮನೆಯ ಮಾಸ್ತರರು. ಎಲ್ಲರೂ ನಕ್ಕರು.

ನಿನ್ನೆ ಸಂಜೆ ನಾನು ಆಫೀಸಿನಲ್ಲಿ ಕೇಳಿಕೊಂಡು ಸಭೆಗೆ ಹೋಗುವ ಹೊತ್ತಿಗೆ, ಎಲ್ಲರಿಗಿಂತ ಮೊದಲು ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದವರು ಅದೇ ಮಾಸ್ತರರು.