ಟ್ಯಾಬಿನೊಳಗಿನ ತೊಟ್ಟಿಲು

ಏಳದ ಯಂತ್ರದ ಮುಂದೆ ನಾನು ಹೇಗೆ ವರ್ತಿಸುತ್ತೇನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಆಶ್ಚರ್ಯವಾಗುವುದು ಬೇಡ. ಮೊದಲು ಗುಂಡಿ ಒತ್ತುತ್ತೇನೆ. ಏಳದಿದ್ದರೆ ಇನ್ನೂ ಜೋರಾಗಿ ಒತ್ತುತ್ತೇನೆ, ಕಿವಿ ಮಂದವಾದವರ ಹತ್ತಿರ ಕೂಗಿ ಮಾತಾಡುವ ಹಾಗೆ. ಆಮೇಲೆ ಅಂಗೈ ಮೇಲಿಟ್ಟು ಬೆನ್ನಿಗೆ ಎರಡು ತಟ್ಟುತ್ತೇನೆ. ಅದಕ್ಕೂ ಬಗ್ಗದಿದ್ದರೆ ಸೆರಗಿನಿಂದ ಗಾಜು ಒರೆಸುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವಳಿಂದ ಇದಕ್ಕಿಂತ ಹೆಚ್ಚಿನ ತಾಂತ್ರಿಕ ಜ್ಞಾನವನ್ನು ನೀವು ಅಪೇಕ್ಷಿಸಿದ್ದರೆ ಅದು ನಿಮ್ಮ ತಪ್ಪು.

ಟ್ಯಾಬು ನಮ್ಮ ಮನೆಗೆ ಬಂದದ್ದು ರೋಗದ ಭಯಕ್ಕೆ ಕಾಲೇಜುಗಳೆಲ್ಲ ಬಾಗಿಲು ಹಾಕಿದ್ದ ಕಾಲದಲ್ಲಿ. ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಅದನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ನಿಲ್ಲಿಸಿ, ಮುಖ ತೋರಿಸದ ವಿದ್ಯಾರ್ಥಿಗಳಿಗೆ ಹಳಗನ್ನಡ ವ್ಯಾಕರಣ ಹೇಳಿದೆ. ಅವರು ಕೇಳಿದರೋ ಮಲಗಿದರೋ ಗೊತ್ತಿಲ್ಲ. ಆಮೇಲೆ ನಿವೃತ್ತಳಾದೆ. ನಿವೃತ್ತಿಯಾದವರಿಗೆ ಒಂದು ಕಾಯಿಲೆ ಅಂಟುತ್ತದೆ, ಏನನ್ನಾದರೂ ಉಳಿಸಬೇಕು ಅನ್ನುವುದು. ಒಬ್ಬರು ಭಾಷೆ ಉಳಿಸಲು ಹೊರಡುತ್ತಾರೆ, ಇನ್ನೊಬ್ಬರು ಕೆರೆ ಉಳಿಸಲು. ನನ್ನ ಪಾಲಿಗೆ ಕಸೂತಿ ಸಿಕ್ಕಿತು. ಹುಡುಕಿಕೊಂಡು ಬಹಳ ದೂರ ಹೋಗುವುದೂ ಬೇಕಿರಲಿಲ್ಲ. ಇಳಕಲ್ಲಿನಲ್ಲಿ ನನ್ನ ತವರುಮನೆಯಲ್ಲೇ, ದೊಡ್ಡಣ್ಣನ ಹೆಂಡತಿ, ನಮ್ಮ ವೈನಿ, ಸೂಜಿ ಹಿಡಿದು ಕುಳಿತಿದ್ದಳು.

ವೈನಿಯ ತವರಿನವರಲ್ಲಿ ಒಂದು ಪದ್ಧತಿ. ಮಗಳ ಕುಬಸಕ್ಕೆ, ಅಂದರೆ ಬಸುರಿಗೆ ಹೊಸ ಸೀರೆ ಉಡಿಸಿ ಆರತಿ ಎತ್ತುವ ದಿನಕ್ಕೆ, ತಾಯಿ ಕೈಯಾರೆ ಒಂದು ತೊಟ್ಟಿಲನ್ನು ಸೆರಗಿನ ಬಳಿ ಹೊಲಿದುಕೊಡಬೇಕು. ಕಸೂತಿಯಲ್ಲಿ ತೊಟ್ಟಿಲು ಎಲ್ಲರೂ ಹೊಲಿಯುತ್ತಾರೆ. ಆದರೆ ಇವರ ತೊಟ್ಟಿಲು ಬೇರೆ. ಅದಕ್ಕೆ ಸರಪಳಿ ಇದೆ, ಸರಪಳಿಯಲ್ಲಿ ಗಿಳಿ ಕೂತಿದೆ, ಒಳಗೆ ಕೂಸು ಮಲಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕೆನಿಸುತ್ತದೆ. ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ಹಾಗಿಲ್ಲ. ಎಳೆ ಎಣಿಸುತ್ತ ಹೋಗಬೇಕು, ಗಂಟು ಹಾಕಬಾರದು, ಹೊರಟಲ್ಲಿಗೇ ಸೂಜಿ ತಿರುಗಿ ಬರಬೇಕು. ನಡುವೆ ಒಂದೇ ಒಂದು ಎಳೆ ತಪ್ಪಿದರೂ ಸೂಜಿ ಮನೆಗೆ ಬರುವುದಿಲ್ಲ. ಆ ಎಣಿಕೆ ಎಲ್ಲೂ ಬರೆದಿಟ್ಟದ್ದಲ್ಲ. ವೈನಿಯ ಅವ್ವ ಹೇಳಿದ್ದಳು, ವೈನಿ ಕಲಿತಿದ್ದಳು, ಅಷ್ಟೆ.

ಎರಡು ವರ್ಷದ ಹಿಂದೆ ನಾನು ಟ್ಯಾಬು ಹಿಡಿದುಕೊಂಡು ಹೋಗಿ, ಒಂದು ಇಡೀ ಮಧ್ಯಾಹ್ನ ವೈನಿಯನ್ನು ಮಗ್ಗದ ಕೋಣೆಯ ಪಕ್ಕದ ಪಡಸಾಲೆಯಲ್ಲಿ ಕೂರಿಸಿ ಧ್ವನಿ ಮುದ್ರಿಸಿಕೊಂಡೆ. ಇದಕ್ಕೆ ನಮ್ಮ ವಲಯದಲ್ಲಿ ದಾಖಲೀಕರಣ ಎನ್ನುತ್ತಾರೆ. ಬಹಳ ತೂಕದ ಪದ, ಒಂದು ಸಲ ಬಾಯಲ್ಲಿ ಬಂದರೆ ಮುಂದೆ ಬೇರೆ ಕೆಲಸ ಮಾಡಬೇಕಾಗುವುದಿಲ್ಲ. ಬಾಗಲಕೋಟೆಯ ಒಂದು ಸಭೆಯಲ್ಲಿ ಆ ಪದವನ್ನು ನಾಲ್ಕು ಸಲ ಬಳಸಿದೆ, ಶಾಲು ಹೊದಿಸಿದರು. ಮುದ್ರಿಸಿದ್ದನ್ನು ತಿರುಗಿ ಕೇಳಿದ್ದೆನೇ ಎಂದು ಯಾರೂ ವಿಚಾರಿಸಲಿಲ್ಲ. ಕೇಳಿರಲಿಲ್ಲ. ಇದೆಯಲ್ಲ, ಎಂದಾದರೂ ಕೇಳಿದರಾಯಿತು ಅನಿಸಿತ್ತು.

ಸಭೆ ಮುಗಿಸಿ ಬಂದವಳು ಟ್ಯಾಬಿಗೆ ಒಂದು ಹತ್ತಿ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟೆ. ಎಲ್ಲಿ? ನೇಕಾರರ ಮನೆಯ ಹೆಣ್ಣುಮಗಳು ಬೆಲೆಯುಳ್ಳದ್ದನ್ನು ಎಲ್ಲಿಡುತ್ತಾಳೋ ಅಲ್ಲಿ, ರೇಷ್ಮೆ ಸೀರೆಗಳ ಮೇಲೆ, ಡಾಂಬರ ಗುಳಿಗೆಯ ಜೊತೆ. ಸೀರೆ ಹೇಗೆ ಇಡಬೇಕೆಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಟ್ಟ ಸೀರೆಯನ್ನು ಇಟ್ಟ ಹಾಗೇ ಬಿಟ್ಟರೆ ಮಡಿಕೆಯಲ್ಲಿ ರೇಷ್ಮೆ ಸೀಳುತ್ತದೆ, ಅದಕ್ಕೇ ಆಗಾಗ ಬಿಚ್ಚಿ, ಗಾಳಿಯಾಡಿಸಿ, ಮಡಿಕೆ ಬದಲಿಸಿ ಇಡುತ್ತೇವೆ. ಈ ಎರಡು ವರ್ಷದಲ್ಲೂ ತಪ್ಪದೆ ಮಡಿಕೆ ಬದಲಿಸಿದೆ. ಪ್ರತಿ ಸಲವೂ ಟ್ಯಾಬನ್ನು ಎತ್ತಿ ಹಾಸಿಗೆಯ ಮೇಲಿಟ್ಟು, ಸೀರೆಗಳನ್ನೆಲ್ಲ ಬಿಚ್ಚಿ ಮಡಿಚಿ, ಮತ್ತೆ ಅದನ್ನು ಜೋಪಾನವಾಗಿ ಅವುಗಳ ಮೇಲೆ ಇಟ್ಟೆ. ನೂಲಿಗೆ ಬೇಕಾದ ಉಪಚಾರವೆಲ್ಲ ಮಾಡಿದೆ. ಬ್ಯಾಟರಿಗೂ ಹಸಿವೆಯಾಗುತ್ತದೆಂದು ಹೊಳೆಯಲಿಲ್ಲ.

ಹೋದ ತಿಂಗಳು ವೈನಿಯ ಫೋನು ಬಂತು. ಮಗಳು ಸುಜಾತಾ, ಮದುವೆಯಾಗಿ ಎಂಟು ವರ್ಷಕ್ಕೆ, ಬಸುರಾಗಿದ್ದಳು. ಮುಂದಿನ ತಿಂಗಳು ಕುಬಸ.

"ನನ್ನ ಕೈ ನಡಗತಾವು, ಹೊಲಿಯಾಕ ಆಗೂದಿಲ್ಲ. ಬಾಜೂಮನಿ ಶಾಹೀನ್ ಹೊಲೀತೀನಿ ಅಂದಾಳ. ಆದ್ರ ತೊಟ್ಟಿಲದ ಎಣಿಕಿ ನನಗ ಮರತೈತಿ, ಶಾಂತಾ. ನಿನ್ನ ಪಾಟ್ಯಾಗ ಐತಲ್ಲ, ತಂದು ಒಂದೀಟು ಕೇಳಸು," ಎಂದಳು ವೈನಿ. ಟ್ಯಾಬಿಗೆ ಅವಳು ಮೊದಲಿನಿಂದಲೂ ಪಾಟಿ ಎಂದೇ ಹೇಳುವುದು.

"ನಿಮ್ಮ ಅವ್ವಾರ ಸೀರಿ ಇತ್ತಲ್ಲ ವೈನಿ, ಅದನ್ನ ನೋಡಿ ಎಣಿಸಬಹುದಲ್ಲ?" ಎಂದೆ.

"ಅವ್ವನ ಸಂಗತೀನ ಕಳಿಸಿದ್ನಲ್ಲ," ಎಂದಳು ವೈನಿ.

ನೆನಪಾಯಿತು. ವೈನಿಯ ತಾಯಿ ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ವೈನಿಯ ಸ್ವಂತ ಕುಬಸದ ಸೀರೆ ಉಟ್ಟು ಉಟ್ಟು ಹರಿದು ಎಂದೋ ಕೌದಿಯಾಗಿತ್ತು, ಕೌದಿಯೂ ಹರಿದಿತ್ತು. ಉಳಿದದ್ದು ಮುದುಕಿಯದೊಂದೇ. ಅದನ್ನು ಮುದುಕಿಯ ಹೆಣಕ್ಕೆ ಹೊದಿಸುವ ಮುಂಚೆ ಯಾರೋ ಹೆಂಗಸರು, ತೊಟ್ಟಿಲ ಇರೂದು ಇದೊಂದ ಅಲ್ಲೇನ, ಇಟ್ಕೋರಿ ಎಂದಿದ್ದರು. ವೈನಿ ನನ್ನ ಕಡೆ ನೋಡಿ, "ಇರಲಿ, ಅವ್ವಗ ಹೊದಸ್ರಿ. ತೊಟ್ಟಿಲ ನಮ್ಮ ಶಾಂತಾನ ಪಾಟ್ಯಾಗ ಐತಿ," ಎಂದಿದ್ದಳು. ನಾನು ತಲೆಯಾಡಿಸಿದ್ದೆ. ಆ ತಲೆಯಾಡಿಸಿದ್ದು ಈಗಲೂ ನನ್ನ ಕುತ್ತಿಗೆಯಲ್ಲಿ ಕುಳಿತಿದೆ.

ಫೋನಿಟ್ಟವಳೇ ಕಪಾಟು ತೆರೆದೆ. ಮೇಲೆ ಹೇಳಿದ ನನ್ನ ವಿಧಾನಗಳನ್ನೆಲ್ಲ ಅನುಕ್ರಮವಾಗಿ ಪ್ರಯೋಗಿಸಿದೆ. ಗಾಜಿನಲ್ಲಿ ಕಂಡದ್ದು ನನ್ನ ಮುಖ ಮಾತ್ರ. ಮೊಬೈಲಿನ ಚಾರ್ಜರು ಚುಚ್ಚಿ, ಐದು ನಿಮಿಷಕ್ಕೊಮ್ಮೆ ಬಂದು ಗುಂಡಿ ಒತ್ತಿದೆ. ಎರಡು ದಿನ ಒತ್ತಿದೆ. ಮೂರನೆಯ ದಿನ ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿ ಕುಳಿತಿದ್ದ ಕನ್ನಡಕದ ಹಿರಿಯರು ಅದನ್ನು ಹಿಂದುಮುಂದು ತಿರುಗಿಸಿ, "ಬ್ಯಾಟರಿ ಸತ್ತೈತ್ರಿ ಅಕ್ಕಾರ. ಈ ಮಾಡೆಲ್‌ಂದು ಈಗ ಸಿಗಂಗಿಲ್ಲ. ಬಿಚ್ಚಿದ್ರ ಒಳಗಿಂದು ಉಳೀತೈತೋ ಇಲ್ಲೋ, ನಾ ಮಾತ ಕೊಡಂಗಿಲ್ಲ," ಎಂದರು. ತಿರುಗಿ ತೆಗೆದುಕೊಂಡು ಬಂದೆ. ಆ ಸಂಜೆ ವೈನಿ ಮತ್ತೆ ಫೋನು ಮಾಡಿದಾಗ, "ಎಲ್ಲಾ ಐತಿ ವೈನಿ, ಸೋಮವಾರ ತರ್ತೀನಿ," ಎಂದೆ. ಸುಳ್ಳು ಹೇಳುವಾಗ ನನ್ನ ದನಿ ಎಷ್ಟು ಸಹಜವಾಗಿರುತ್ತದೆಂದು ನನಗೇ ನಾಚಿಕೆಯಾಯಿತು.

ನಮ್ಮ ಮಾತಿನಲ್ಲಿ ಗಡಿಯಾರ ನಿಲ್ಲುತ್ತದೆ, ಮೋಟರು ಸುಡುತ್ತದೆ, ಬಲ್ಬು ಹೋಗುತ್ತದೆ, ಬಸ್ಸು ಕೆಡುತ್ತದೆ. ಬ್ಯಾಟರಿ ಮಾತ್ರ ಸಾಯುತ್ತದೆ. ಯಾಕೆಂದು ನಾನು ಯೋಚಿಸಿದ್ದುಂಟು. ಅದನ್ನು ನಂಬಿ ನಾವು ಯಾರನ್ನಾದರೂ ಒಳಗೆ ಬಿಟ್ಟಿರುತ್ತೇವೆ, ಅದಕ್ಕಿರಬೇಕು. ಬಾದಾಮಿಯ ಗುಹೆಯ ಗೋಡೆಯಲ್ಲಿ ಯಾರೋ ಕೊರೆದ ಅಕ್ಷರ ಸಾವಿರ ವರ್ಷ ದಾಟಿದರೂ ಓದಲು ಬರುತ್ತದೆ, ಆ ಕಲ್ಲಿಗೆ ವೈರು ಚುಚ್ಚುವ ತೂತಿಲ್ಲ ಎಂದು ಇಲ್ಲಿ ಒಂದು ಚಂದದ ಮಾತು ಹೇಳಿ ಮುಂದೆ ಹೋಗಬಹುದು. ಆದರೆ ಕಲ್ಲನ್ನು ಹೊಗಳಿ, ಯಂತ್ರವನ್ನು ತೆಗಳಿ ನಾನು ತಪ್ಪಿಸಿಕೊಳ್ಳಲಾರೆ. ಕಲ್ಲೂ ಬೇಡ, ಕರೆಂಟೂ ಬೇಡ ಎಂಬಂತೆ ಆ ಎಣಿಕೆ ಬೆರಳಿನಿಂದ ಬೆರಳಿಗೆ ತನ್ನ ಪಾಡಿಗೆ ತಾನು ನಡೆದು ಬರುತ್ತಿತ್ತು. ನಡುವೆ ಕೈ ಚಾಚಿ ಅದನ್ನು ಇಸಿದುಕೊಂಡವಳು ನಾನು. ಟ್ಯಾಬಿನಲ್ಲಿ ಇದೆ ಎಂಬ ಧೈರ್ಯಕ್ಕೆ ವೈನಿ ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದನ್ನೇ ಬಿಟ್ಟಳು. ಸೀರೆ ಮಣ್ಣಿಗೆ ಹೋಯಿತು. ಉಳಿಸಲು ಹೊರಟವಳೊಬ್ಬಳು ಇಲ್ಲದಿದ್ದರೆ ತೊಟ್ಟಿಲು ಉಳಿಯುತ್ತಿತ್ತೋ ಏನೋ.

ಸೋಮವಾರ ಇಳಕಲ್ ಬಸ್ಸು ಹತ್ತಿದೆ. ತೊಡೆಯ ಮೇಲೆ ಟ್ಯಾಬು, ಅದರಿಂದ ಡಾಂಬರ ಗುಳಿಗೆಯ ವಾಸನೆ. ಹುನಗುಂದದಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸು ನನ್ನ ಬೆರಳು ಇನ್ನೂ ಗುಂಡಿ ಒತ್ತುತ್ತಿರುವುದನ್ನು ಕಂಡು, "ಅಕ್ಕಿ ಡಬ್ಬ್ಯಾಗ ಒಂದಿನ ಇಡ್ರಿ, ಸರಿ ಆಕ್ಕೈತಿ," ಎಂದಳು. ನೀರಿಗೆ ಬಿದ್ದ ಫೋನಿನ ಔಷಧ ಅದು. ಆದರೂ ಇಳಿಯುವವರೆಗೆ ಅಕ್ಕಿಯ ಬಗ್ಗೆ ಗಂಭೀರವಾಗಿ ಯೋಚಿಸಿದೆ.

ಮನೆಯಲ್ಲಿ ವೈನಿಯೂ ಶಾಹೀನಳೂ ಬಿಳಿ ಬಟ್ಟೆಯ ತುಂಡು, ಸೂಜಿ, ಕೆಂಪು ರೇಷ್ಮೆ ದಾರ ಎಲ್ಲ ಹಾಸಿಕೊಂಡು ಕಾಯುತ್ತಿದ್ದರು. ಶಾಹೀನ್ ನೂಲಿನ ವ್ಯಾಪಾರಿಯ ಸೊಸೆ, ಮೂವತ್ತರ ಹರೆಯದವಳು. ವೈನಿಯಿಂದ ಆನೆ, ನವಿಲು, ಗೋಪುರ ಎಲ್ಲ ಕಲಿತಿದ್ದಾಳೆ, ತೊಟ್ಟಿಲೊಂದೇ ಬಾಕಿ. ಮೊದಲು ಈ ತುಂಡಿನ ಮೇಲೆ ತೊಟ್ಟಿಲು ಸರಿಯಾಗಿ ಕೂತರೆ, ಆಮೇಲೆ ಸುಜಾತಾಳ ಹಸಿರು ಸೀರೆಗೆ ಕೈ ಹಚ್ಚುವುದು ಎಂದು ಮಾತಾಗಿತ್ತು. ನಾನು ಚಪ್ಪಲಿ ಬಿಡುತ್ತಲೇ ನಿಜ ಹೇಳಿಬಿಟ್ಟೆ. ವೈನಿ ಟ್ಯಾಬನ್ನು ಕೈಗೆ ತೆಗೆದುಕೊಂಡು, ಜ್ವರ ನೋಡುವವಳ ಹಾಗೆ ಅದರ ಮೇಲೆ ಅಂಗೈ ಇಟ್ಟಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಗುಂಡಿ ಒತ್ತೀರೇನ್ರಿ ಮೇಡಮ್ಮಾರ?" ಎಂದು ಶಾಹೀನ್ ಕೇಳಿದಳು.

"ಒತ್ತೀನಿ. ಬಾಳ ಸಲ ಒತ್ತೀನಿ."

"ಅದಕ್ಕರಿ. ಪೂರ್ತಿ ಇಳದ ಬ್ಯಾಟರಿಗೆ ಕಣ್ಣ ತೆರ್ಯಾಕೂ ಶಕ್ತಿ ಇರಂಗಿಲ್ಲ. ಹನಿ ಚಾರ್ಜ್ ಹೋಗಿರ್ತೈತಿ, ನೀವು ಒತ್ತಿ ಎಬ್ಬಸ್ತೀರಿ, ಅದು ಏಳಾಕ ಹೋಗಿ ಇದ್ದದ್ದೂ ಕಳಕೋತೈತಿ. ಸುಮ್ನ ಬಿಡಬೇಕ್ರಿ."

ಅವಳು ಮನೆಗೆ ಹೋಗಿ ಇನ್ನೊಂದು ಚಾರ್ಜರು ತಂದಳು. ನನ್ನದು ಹಳೆಯ ಮೊಬೈಲಿನದು, ಇಷ್ಟು ದೊಡ್ಡದಕ್ಕೆ ಅದು ಸಾಲದಂತೆ. ಟ್ಯಾಬಿನ ತೂತಿನಲ್ಲಿ ಸೇರಿಕೊಂಡಿದ್ದ ಹತ್ತಿಯ ಎಳೆಯನ್ನು ಕಸೂತಿ ಸೂಜಿಯ ಮೊಂಡ ತುದಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದಳು. ವೈರು ಚುಚ್ಚಿ, ಟ್ಯಾಬನ್ನು ದೇವರ ಗೂಡಿನ ಕೆಳಗೆ ಇಟ್ಟು, "ಸಂಜಿತನಕ ಯಾರೂ ಮುಟ್ಟಬ್ಯಾಡ್ರಿ," ಎಂದಳು. ಯಾರೂ ಎಂದರೆ ನಾನು. ಅಡುಗೆಮನೆಗೆ ಹೋಗುವಾಗ, ಬರುವಾಗ ನನ್ನ ಕೈ ಅತ್ತ ಹೋಗುತ್ತಿತ್ತು. ಒಂದು ಸಲ ವೈನಿ ನನ್ನ ಕೈಗೆ ಕೊತ್ತಂಬರಿ ಕಟ್ಟು ಕೊಟ್ಟು ಬಿಡಿಸಲು ಕೂರಿಸಿದಳು.

ಐದು ಗಂಟೆಗೆ ಶಾಹೀನ್ ಬಂದು ಎರಡು ಗುಂಡಿಗಳನ್ನು ಒಟ್ಟಿಗೆ ಹಿಡಿದು, ಬಿಡದೆ, ಮನಸ್ಸಿನಲ್ಲೇ ಏನೋ ಎಣಿಸಿದಳು. ಗಾಜು ಬೆಳಗಿತು. ತಾರೀಕು ಯಾವುದೋ ಓಬೀರಾಯನ ಕಾಲದ್ದು ತೋರಿಸುತ್ತಿತ್ತು, ಇರಲಿ. ನನಗೆ ಅಳು ಬಂತು, ಅತ್ತುಬಿಟ್ಟೆ. ವೈನಿ ನಕ್ಕಳು.

ಮೊದಲು, ಧ್ವನಿ ಮುದ್ರಿಸಿದ ದಿನ ತೆಗೆಸಿಕೊಂಡಿದ್ದ ಫೋಟೋ ನೋಡಿದೆವು. ಮುದುಕಿಯ ಸೀರೆಯದು ಹನ್ನೊಂದು ಫೋಟೋ ಇದ್ದವು. ಹನ್ನೊಂದರಲ್ಲೂ ಅದನ್ನು ಹೆಗಲಿಗೆ ಹೊದ್ದುಕೊಂಡು ನಗುತ್ತ ನಿಂತವಳು ನಾನು. ತೊಟ್ಟಿಲು ನನ್ನ ಬಗಲಿನ ನೆರಿಗೆಯಲ್ಲಿ ಸಿಕ್ಕಿಕೊಂಡಿತ್ತು. "ಇರಲಿ ಬಿಡ್ರಿ, ಕೇಳಿ ಹೊಲೀತೀನಿ," ಎಂದು ಶಾಹೀನ್ ದಾರ ಪೋಣಿಸಿಕೊಂಡು ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ನಾನು ಧ್ವನಿ ಹಚ್ಚಿದೆ.

ಮೊದಲ ಹತ್ತು ನಿಮಿಷ ನನ್ನ ಪೀಠಿಕೆ. ಆಮೇಲೆ ವೈನಿಯ ದನಿ ಬಂತು, ಎರಡು ವರ್ಷದ ಹಿಂದಿನ ಗಟ್ಟಿ ದನಿ. "ಮೊದಲ ಎಡಗಡಿ ಕಾಲು. ಮೂರ ಎಳಿ ಬಿಟ್ಟು ಸೂಜಿ ಮ್ಯಾಲ ತಗೀಬೇಕು, ಆಮ್ಯಾಲ..." ಶಾಹೀನಳ ಸೂಜಿ ಮೂರು ಎಳೆ ಬಿಟ್ಟು ಮೇಲೆ ಬಂತು. ಅಷ್ಟರಲ್ಲಿ ಟ್ಯಾಬಿನೊಳಗಿಂದ ನಾನು, "ಒಂದು ನಿಮಿಷ ವೈನಿ, ಇಲ್ಲಿ ಒಂದು ಮುಖ್ಯವಾದ ಅಂಶವಿದೆ," ಎಂದೆ. ಆ ಅಂಶ ತೊಟ್ಟಿಲಿನ ಸಾಂಕೇತಿಕತೆಯ ಕುರಿತದ್ದು. ಅದು ಜಾನಪದಕ್ಕೆ ಹೋಯಿತು, ಅಲ್ಲಿಂದ ಶಿಲ್ಪಕ್ಕೆ, ಶಿಲ್ಪದಿಂದ ಛಂದಸ್ಸಿಗೆ. ಶಾಹೀನ್ ಸೂಜಿ ಎತ್ತಿ ಹಿಡಿದುಕೊಂಡೇ ಕೂತಿದ್ದಳು. ನಾನು ಮುಂದಕ್ಕೆ ಓಡಿಸಿದೆ, ಅಲ್ಲಿಯೂ ನಾನೇ. ಇನ್ನೂ ಮುಂದಕ್ಕೆ ಓಡಿಸಿದೆ. ಕೊನೆಗೆ ನನ್ನ ದನಿ, "ಹಾಂ, ಮುಂದ ಹೇಳ್ರಿ ವೈನಿ," ಎಂದಿತು.

"ಎಲ್ಲಿದ್ದೆ ನಾ?" ಎಂದಿತು ವೈನಿಯ ದನಿ. ಸ್ವಲ್ಪ ಹೊತ್ತು ಬರೀ ಮಗ್ಗದ ಸದ್ದು. "ಇರಲಿ ಬಿಡವಾ, ಚಾ ಮಾಡ್ತೀನಿ."

ಪಾತ್ರೆಯ ಸದ್ದು ಕೇಳಿತು. ಆಮೇಲೆ, ಪಡಸಾಲೆಯಲ್ಲಿ ಒಬ್ಬಳೇ ಉಳಿದಿದ್ದ ನಾನು, ಪಾಠ ಮುಗಿಸುವ ಗತ್ತಿನಲ್ಲಿ, "ಹೀಗೆ ತೊಟ್ಟಿಲು ಪೂರ್ಣವಾಗುತ್ತದೆ," ಎಂದೆ. ಮುದ್ರಣ ಅಲ್ಲಿಗೆ ಮುಗಿಯಿತು.

 ವೈನಿ ನನ್ನ ಮುಖ ನೋಡಿ, "ಬಾಳ ಚಂದ ಮಾತಾಡೀದಿ ಬಿಡು, ಶಾಂತಾ," ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಆಮೇಲೆ ವೈನಿ ಶಾಹೀನಳ ಪಕ್ಕಕ್ಕೆ ಸರಿದು ಕೂತಳು. "ಮೂರ ಎಳಿ ಅಂದೆನಲ್ಲ, ಅಲ್ಲಿಂದ ನೋಡೂಣು," ಎಂದು, ನಡುಗುವ ಬೆರಳನ್ನು ಬಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸತೊಡಗಿದಳು. ಕತ್ತಲಾಗುವವರೆಗೆ ಅವರು ಹೊಲಿದರು, ಬಿಚ್ಚಿದರು, ಮತ್ತೆ ಹೊಲಿದರು. ತೊಟ್ಟಿಲಿನ ಒಂದು ಕಾಲೂ ಎದ್ದು ನಿಲ್ಲಲಿಲ್ಲ. ಅಷ್ಟು ಹೊತ್ತೂ ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಷ್ಟು ಕೆಲಸವನ್ನು ನಾನು ಎರಡು ವರ್ಷದ ಹಿಂದೆಯೇ ಮಾಡಬಹುದಿತ್ತು.