ಹಾಲೆಂಡಿನ ಸವತಿ

ನನಗೊಬ್ಬಳು ಸವತಿ ಇದ್ದಳು. ಹಾಲೆಂಡಿನವಳು, ಸತ್ತು ಮುನ್ನೂರು ವರ್ಷವಾದರೂ ಆಗಿರಬೇಕು. ಒಮ್ಮೆ ದೆಹಲಿಯ ಮ್ಯೂಸಿಯಮ್ಮಿಗೆ ಆ ದೇಶದ ಹಳೆಯ ಚಿತ್ರಗಳು ಬಂದಿದ್ದವು. ಒಂದರಲ್ಲಿ ಬಿಳಿ ಟೋಪಿಯ ಹೆಂಗಸೊಬ್ಬಳು ನಮಗೆ ಬೆನ್ನು ಹಾಕಿ, ಕಿಟಕಿಯ ಬಳಿ ಬಟಾಣಿ ಬಿಡಿಸುತ್ತಿದ್ದಳು. ನಮ್ಮ ಯಜಮಾನರು ಅವಳನ್ನು ನೋಡಿದ್ದೇ ನೋಡಿದ್ದು, ಆಮೇಲೆ ಮನೆಯ ಕಡೆ ಲಕ್ಷ್ಯವೇ ಇಲ್ಲ.

ಇವರು ಕೇಂದ್ರ ಸರ್ಕಾರದ ಗುಮಾಸ್ತರು, ಮೊದಲಿನಿಂದಲೂ ಚಿತ್ರ ಬರೆಯುವ ಹುಚ್ಚು. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಆಫೀಸಿನಿಂದ ಬಂದವರೇ ಆ ಚಿತ್ರದ ಅಚ್ಚಿನ ಪ್ರತಿಯನ್ನು ಗೋಡೆಗೆ ಒರಗಿಸಿ, ಅದನ್ನು ನಕಲು ಮಾಡುತ್ತ ಕೂರುತ್ತಿದ್ದರು. ಹೊಸ ಸೀರೆ ಉಟ್ಟು ಎದುರು ನಿಂತರೆ, ಸ್ವಲ್ಪ ಸರಿ, ಬೆಳಕು ಬರಲಿ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು ಸಲ ನನ್ನನ್ನೂ ಹಾಗೆ ನೋಡಲಿ ಎಂದು ಎಷ್ಟು ಆಸೆಪಟ್ಟೆನೋ ನನಗೇ ಗೊತ್ತು.

ಗ್ರೇಟರ್ ನೋಯ್ಡಾದ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಇವರು ಮಾಡಿದ ನಕಲನ್ನು ಕಂಡು, ಅಸಲಿ ಹಳೆಯದೆಂದೇ ಮಾರುತ್ತೇನೆ ಎಂದ. ನೌಕರಿಗೇ ಸಂಚಕಾರ ಬಂದೀತೆಂದು ನಾನು ಕೂಗಾಡಿದೆ. ಇವರಿಗೆ ದುಡ್ಡು ಬೇಕಿರಲಿಲ್ಲ. ಅಸಲಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎಂದು ಯಾರಾದರೂ ಹೇಳಿದರೆ ಸಾಕಿತ್ತು. ಚಹಾದ ಡಿಕಾಕ್ಷನ್ ಸವರಿ ಚಿತ್ರಕ್ಕೆ ಮುದಿತನ ಬರಿಸಿದರು.

ಒಯ್ಯಲು ಬಂದ ವ್ಯಾಪಾರಿ ಹೆಂಗಸಿನ ಕತ್ತಿನ ಹಿಂಭಾಗಕ್ಕೆ ಬೆರಳಿಟ್ಟ.

"ಭಾಯಿಸಾಬ್, ಯೇ ಕ್ಯಾ ಹೈ?"

ಟೋಪಿಯ ಕೆಳಗೆ ಅಡ್ಡಕ್ಕೆ ಒಂದು ತೆಳುವಾದ ಕಪ್ಪು ಗೆರೆ. ಅಚ್ಚಿನ ಪ್ರತಿಯಲ್ಲಿ ಅದಿರಲಿಲ್ಲ. ನನ್ನ ಕೈ ತಾನಾಗಿ ನನ್ನ ಕತ್ತಿಗೆ ಹೋಯಿತು. ಮದುವೆಯಾದಂದಿನಿಂದ ಕರಿಮಣಿ ಸರ ಉಜ್ಜಿ ಉಜ್ಜಿ ಕಪ್ಪಾದ ಜಾಗ ಅದು. ನನಗೇ ಕಾಣದ್ದು, ಬೆನ್ನ ಹಿಂದೆ ಕೂತು ನೋಡಿದವರಿಗಷ್ಟೇ ಕಾಣುವಂಥದ್ದು. ಹಾಗಾದರೆ ಇವರು ನೋಡಿದ್ದರು! ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಗೊಣಗುತ್ತಿದ್ದಾಗಲೆಲ್ಲ ನೋಡಿದ್ದರು.

ಇವರಿಗೆ ಅದು ಹೊಳೆಯಲೇ ಇಲ್ಲ. ಎಲ್ಲಿಂದ ಬಂತೋ ಏನೋ ಎಂದು ನಾಚಿಕೊಂಡು ಕುಂಚ ಹಿಡಿದರು.

"ರೀ, ಅಳಿಸಬೇಡಿ. ಇರಲಿ," ಎಂದೆ.

"ಚಿತ್ರ ಕೆಡತ್ತೆ ಕಣೇ," ಎಂದರು, ತಲೆಯೆತ್ತದೆ.

ಗೆರೆಯ ಮೇಲೆ ಮೈಬಣ್ಣ ಕೂತಿತು. ಒಣಗಿದ ಮೇಲೆ ವ್ಯಾಪಾರಿ ಚಿತ್ರ ಒಯ್ದ.

ಈಗ ಇವರಿಲ್ಲ. ಸರ ತೆಗೆದಿಟ್ಟಿದ್ದೇನೆ, ಕತ್ತಿನ ಗೆರೆ ಮಾಸುತ್ತಿದೆ ಎಂದು ಮಗಳು ಹೇಳುತ್ತಾಳೆ. ಆ ಚಿತ್ರ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ. ಗೊತ್ತಾದರೆ ಅವರ ಬಾಗಿಲಿಗೆ ಹೋಗಿ, ಅವಳ ಕತ್ತಿನ ಮೇಲಿನ ಆ ಬಣ್ಣವನ್ನು ಒಂಚೂರು ಕೆರೆದು ತೋರಿಸಿ ಎಂದು ಕೈಮುಗಿಯುತ್ತೇನೆ.